ಶುಕ್ರವಾರದ ಅರಿಶಿನ

ಕತ್ತಲೆಯಲ್ಲಿ ಅಂಜನಮ್ಮನ ಮುಂಗೈ ಹಳದಿ ಹಸಿರಾಗಿ ಹೊಳೆಯುತ್ತಿತ್ತು. ಹೊಳೆಯಬಾರದಿತ್ತು. ಉಮಾಮಹೇಶ್ವರಿ ಹಳದಿ ಗಾಜಿನ ಕನ್ನಡಕ ತೆಗೆದು, ಬಿಳಿ ಕೋಟಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ನೇರಳೆ ಬೆಳಕಿನ ದೀಪವನ್ನು ಒಮ್ಮೆ ಆರಿಸಿ ಹೊತ್ತಿಸಿದಳು. ಕೈ ಮೊದಲಿನ ಹಾಗೆಯೇ ಹೊಳೆಯಿತು. ನಿನ್ನೆ ಗುರುವಾರ ಇದೇ ಕುರ್ಚಿಯಲ್ಲಿ, ಇದೇ ಕೈಯ ಮೇಲೆ, ನಿಂಬೆಹಣ್ಣಿನ ಹೋಳಿನಷ್ಟು ಅಗಲದ ಕಪ್ಪು ಗುರುತು ಅಚ್ಚೊತ್ತಿದ ಹಾಗೆ ಕಂಡಿತ್ತು. ಇವತ್ತು ಅದರ ಸುಳಿವೇ ಇಲ್ಲ.

"ಯಾಕ್ ಸಿಸ್ಟರಮ್ಮ, ವಾಸಿ ಆಗೋಯ್ತಾ?" ಎಂದರು ಅಂಜನಮ್ಮ. ಅವರ ದನಿಯಲ್ಲಿ ಕೊಂಚ ನಿರಾಸೆಯೂ ಇತ್ತು. ಎರಡು ದಿನದಿಂದ ಆ ಪೆಟ್ಟನ್ನು ಅವರು ಮನೆಗೆ ಬಂದ ನೆಂಟನಂತೆ ನೋಡಿಕೊಂಡಿದ್ದರು.

ಒಂದೇ ದಿನದಲ್ಲಿ ವಾಸಿಯಾಗುವ ಪೆಟ್ಟಲ್ಲ ಅದು. ಉಮಾ ಅವರನ್ನು ಹೊರಗೆ ಕೂರಿಸಿ, ಸಾಲಿನಲ್ಲಿ ಕಾಯುತ್ತಿದ್ದ ಸೀತಾಲಕ್ಷ್ಮಿಯನ್ನು ಒಳಗೆ ಕರೆದಳು. ಆಕೆಯ ಕೈಯೂ ಹೊಳೆಯಿತು. ಮೂರನೆಯವಳದೂ ಹೊಳೆಯಿತು. ಪರೀಕ್ಷೆಗೆ ಒಪ್ಪಿ ಬಂದಿದ್ದ ಏಳೂ ಜನರದು ಹೀಗೆಯೇ ಆಯಿತು. ಕ್ರೀಮು ಹಚ್ಚಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಇಲ್ಲ. ಪೌಡರು? ಇಲ್ಲ. ಎಣ್ಣೆ, ಮುಲಾಮು, ಸೆಂಟು? ದೇವರಾಣೆಗೂ ಇಲ್ಲ. ಅವರು ಸುಳ್ಳು ಹೇಳುವವರಲ್ಲ. ಹಚ್ಚಬಾರದ ಹದಿನಾಲ್ಕು ವಸ್ತುಗಳ ಹೆಸರನ್ನು ಉಮಾ ತಾನೇ ಫಾರಂನಲ್ಲಿ ಬರೆದು, ತಾನೇ ಓದಿ ಹೇಳಿ, ಅವರಿಂದ ಸಹಿ ಹಾಕಿಸಿಕೊಂಡಿದ್ದಳು.

ದೀಪವೇ ಕೆಟ್ಟಿರಬೇಕು ಎಂದುಕೊಂಡು ಅದನ್ನು ತಿರುಗಿಸಲು ಕೈ ಚಾಚಿದಾಗ ಬೆಳಕು ಅವಳ ಸ್ವಂತ ಮಣಿಕಟ್ಟಿನ ಮೇಲೆ ಬಿತ್ತು. ಬಳೆಗಳ ಕೆಳಗೆ ಅದೇ ಹಳದಿ ಹಸಿರು ಹೊಳಪು. ಬೆಳಗ್ಗೆ ಆರಕ್ಕೆ ತಲೆಗೆ ನೀರು ಹಾಕಿಕೊಂಡದ್ದು, ಬಚ್ಚಲ ಗೂಡಿನ ಡಬ್ಬಿಗೆ ಕೈ ಹಾಕಿದ್ದು, ಕೆನ್ನೆಗೆ, ಕೈಗೆ, ಪಾದಕ್ಕೆ ಸವರಿಕೊಂಡದ್ದು ನೆನಪಾಯಿತು. ಶುಕ್ರವಾರ. ಅರಿಶಿನ.

ಅರಿಶಿನವನ್ನು ಯಾರಾದರೂ ಹಚ್ಚಿಕೊಳ್ಳುವ ವಸ್ತು ಎಂದುಕೊಳ್ಳುತ್ತಾರೆಯೇ? ಅದು ಸ್ನಾನದ ಒಂದು ಭಾಗ, ನೀರಿನ ಹಾಗೆ. ಹದಿನಾಲ್ಕು ವಸ್ತುಗಳ ಪಟ್ಟಿ ಬರೆಯುವಾಗ ಉಮಾಳಿಗೂ ಹೊಳೆದಿರಲಿಲ್ಲ, ಅದನ್ನು ತಿದ್ದಿದ ಪಿಎಚ್‌ಡಿ ಗೈಡಿಗೂ ಹೊಳೆದಿರಲಿಲ್ಲ. ಅವಳು ಓದಿದ ವಿದೇಶದ ಪ್ರಬಂಧಗಳಲ್ಲಿ ಆ ಮಾತು ಬರುವ ಸಂಭವವೇ ಇರಲಿಲ್ಲ.

ಉಮಾಮಹೇಶ್ವರಿಗೆ ನಲವತ್ತನಾಲ್ಕು ವರ್ಷ. ಇಪ್ಪತ್ತು ವರ್ಷ ಕ್ಯಾಶುಯಾಲ್ಟಿಯಲ್ಲಿ ನರ್ಸಾಗಿ ದುಡಿದವಳು. ಈಗ ಬನಶಂಕರಿಯ ಈ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಈ ವಯಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯವನ್ನು ಯಾರು ಕೇಳಿದರೂ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದಳು: ಬೆಳ್ಳಗಿರುವವರಿಗೆ ಪೆಟ್ಟು ಬಿದ್ದರೆ ನೀಲಿಗಟ್ಟಿದ್ದು ಎಲ್ಲರಿಗೂ ಕಾಣುತ್ತದೆ, ಕಪ್ಪಗಿರುವವರಿಗೆ ಬಿದ್ದರೆ ಕಾಣುವುದಿಲ್ಲ, ಅದನ್ನು ಕಾಣಿಸುವುದು ಹೇಗೆ? ನೇರಳೆ ಬೆಳಕು ಚೆಲ್ಲಿ ಹಳದಿ ಗಾಜಿನ ಮೂಲಕ ನೋಡಿದರೆ, ಚರ್ಮದಡಿ ರಕ್ತ ನಿಂತ ಜಾಗ ಆ ಬೆಳಕನ್ನು ನುಂಗಿ ಕಪ್ಪಗೆ ತೋರುತ್ತದೆ. ನಮ್ಮ ಊರಿನ ಬಣ್ಣಗಳ ಮೇಲೆ ಅದು ಎಷ್ಟು ನಿಜ ಎಂದು ಪರೀಕ್ಷಿಸುವುದು ಅವಳ ಕೆಲಸ. ಒಪ್ಪಿ ಬಂದವರ ಮುಂಗೈ ಮೇಲೆ ಐದಡಿ ಕೊಳವೆಯೊಳಗಿಂದ ಸಣ್ಣ ಉಕ್ಕಿನ ಗುಂಡು ಬಿಡುವುದು, ಆಮೇಲೆ ದಿನಾ ಬರಿಗಣ್ಣಿಂದಲೂ ದೀಪದಿಂದಲೂ ನೋಡಿ ಬರೆಯುವುದು.

ಇದು ಶುರುವಾದದ್ದು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದ ಒಬ್ಬ ಹೆಣ್ಣುಮಗಳಿಂದ. ನಾಲ್ಕು ವರ್ಷದ ಹಿಂದೆ ಆಕೆ ಕ್ಯಾಶುಯಾಲ್ಟಿಗೆ ಬಂದು ತೋಳು ತೋರಿಸಿ, ಸೂಪರ್‌ವೈಸರ್ ಹಿಡಿದು ತಿರುಚಿದ ಎಂದಿದ್ದಳು. ಉಮಾ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದಳು, ಏನೂ ಕಾಣಲಿಲ್ಲ. ‘ಹೊರಗಾಯ ಕಂಡುಬಂದಿಲ್ಲ’ ಎಂದು ಪುಸ್ತಕದಲ್ಲಿ ಬರೆದಳು. ಆ ಎರಡು ಪದದಿಂದ ಆಕೆಯ ಕೇಸು ಬಿದ್ದುಹೋಯಿತು. ತಾನು ಕಂಡದ್ದನ್ನೇ ಬರೆದದ್ದು ಎಂದು ಉಮಾ ಎಷ್ಟು ಸಲ ಸಮಾಧಾನ ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ಆಕೆಯೂ ಕಪ್ಪು, ಉಮಾಳೂ ಕಪ್ಪು. ತನ್ನಂಥದೇ ಚರ್ಮವನ್ನು ಓದಲು ತನಗೆ ಬರಲಿಲ್ಲವಲ್ಲ ಎಂಬ ನಾಚಿಕೆಯೇ ಅವಳನ್ನು ಮತ್ತೆ ಕಾಲೇಜಿಗೆ ಕಳಿಸಿತ್ತು.

ಬಣ್ಣ ಅಳೆಯಲು ಅಂಗೈಯಗಲದ ಒಂದು ಯಂತ್ರವಿತ್ತು. ಚರ್ಮಕ್ಕೆ ಒತ್ತಿದರೆ ಅಂಕಿ ಕೊಡುತ್ತದೆ, ಅಂಕಿ ನೋಡಿ ಆರು ಗುಂಪು ಮಾಡಬೇಕು. ಐದು ಗುಂಪಿಗೆ ಜನ ಸಲೀಸಾಗಿ ಸಿಕ್ಕಿದರು. ಆರನೆಯದರ ಎದುರು ಉಮಾ ದಡ್ಡಿಯ ಹಾಗೆ ‘ಅತಿ ಕಪ್ಪು’ ಎಂದು ಅಚ್ಚು ಹಾಕಿಸಿದ್ದಳು. ಪೆಟ್ಟು ತಿನ್ನಲು ಒಪ್ಪಿ ನಗುನಗುತ್ತ ಬಂದವರು ಆ ಎರಡು ಪದ ಓದಿ, ಪೆನ್ನು ಕೆಳಗಿಟ್ಟು, ಮನೆಯಲ್ಲಿ ಕೇಳಿ ಬರುತ್ತೇವೆ ಎಂದು ಹೊರಟುಬಿಡುತ್ತಿದ್ದರು. ಜೆ.ಪಿ. ನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುವ ನಿವೃತ್ತ ಹೆಡ್‌ಮಾಸ್ಟರೊಬ್ಬರು ತಮ್ಮದು ಗೋಧಿ ಬಣ್ಣವೆಂದೂ, ಯಂತ್ರವನ್ನು ರಿಪೇರಿಗೆ ಕೊಡಬೇಕೆಂದೂ ತಿಳಿಸಿ ಹೋದರು. ಉಮಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವಳ ಮದುವೆಗೆ ಹಂಚಿದ ವಿವರದ ಹಾಳೆಯಲ್ಲೂ ಅಪ್ಪ ‘ಎಣ್ಣೆಗೆಂಪು’ ಎಂದೇ ಬರೆಸಿದ್ದರು.

ಆಗ ಕೈ ಹಿಡಿದವರು ಅಂಜನಮ್ಮ. ಹೊಸಕೆರೆಹಳ್ಳಿಯ ಹಳೆಯ ಮನೆತನದವರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ, ಅದರ ಎರಡನೇ ಮಹಡಿಯಲ್ಲಿ ಉಮಾ ಬಾಡಿಗೆಗಿದ್ದಾಳೆ. ಅರವತ್ತೆರಡು ವರ್ಷ, ಗಟ್ಟಿ ಆಳು, ಗಟ್ಟಿ ದನಿ, ಕಡುಗಪ್ಪು ಮೈಬಣ್ಣ, ಅದರ ಮೇಲೆ ಜಗ್ಗನೆ ಕಾಣುವ ಮೂಗುಬೊಟ್ಟು. ಬಾಡಿಗೆಯವಳು ಮೆಟ್ಟಿಲ ಮೇಲೆ ಮುಖ ಬಾಡಿಸಿಕೊಂಡು ಕೂತದ್ದನ್ನು ಕಂಡು ವಿಷಯ ಕೆದಕಿ ತಿಳಿದುಕೊಂಡರು. ಬುಧವಾರ ಬೆಳಗ್ಗೆ ತಮ್ಮ ಮಹಿಳಾ ಸಂಘದ ಆರು ಜನರನ್ನು ಹಿಂದೆ ಹಾಕಿಕೊಂಡು ಕಾಲೇಜಿಗೆ ಬಂದೇಬಿಟ್ಟರು. ಫಾರಂ ಓದಿ, ಅತಿ ಕಪ್ಪಂತೆ, ಇದನ್ನ ಹೇಳೋಕೆ ಮಿಷಿನ್ನು ಬೇರೆ ಬೇಕಿತ್ತಾ ಎಂದು ನಕ್ಕು ಮೊದಲ ಸಹಿ ಹಾಕಿದವರು ಅವರೇ. ಅವರು ನಕ್ಕ ಮೇಲೆ ಉಳಿದವರಿಗೆ ಮುಜುಗರಪಡಲು ಜಾಗವೇ ಉಳಿಯಲಿಲ್ಲ.

ಆದರೂ ಏಳೇ ಜನ. ಗುಂಪೊಂದಕ್ಕೆ ಕನಿಷ್ಠ ಎಂಟು ಜನ ಬೇಕು ಎಂಬುದು ಅಂಕಿಅಂಶದ ಮೇಷ್ಟ್ರು ನಂದಕುಮಾರ್ ಹಾಕಿದ ನಿಯಮ. ಹೆಸರು ಸೇರಿಸಲು ಇವತ್ತು ಸಂಜೆ ಐದಕ್ಕೆ ಗಡುವು. ಪೆಟ್ಟು ಬಿದ್ದ ಮೊದಲ ಮೂರು ದಿನದಲ್ಲಿ ಒಂದು ದಿನದ ದಾಖಲೆ ತಪ್ಪಿದರೂ ಆ ವ್ಯಕ್ತಿಯನ್ನು ಕೈಬಿಡಬೇಕು, ಒಮ್ಮೆ ಪೆಟ್ಟು ತಿಂದವರಿಗೆ ಇನ್ನೊಂದು ಪೆಟ್ಟು ಕೊಡುವಂತಿಲ್ಲ. ಇಷ್ಟನ್ನೂ ಕೂಡಿಸಿದರೆ ಅರಿಶಿನದಿಂದಾಗಿ ಏಳೂ ಜನ ಲೆಕ್ಕದಿಂದ ಹೊರಗಾದರು. ಆರನೆಯ ಗುಂಪನ್ನು ಐದನೆಯದರೊಳಗೆ ಸೇರಿಸಿಬಿಡಿ ಎಂದು ನಂದಕುಮಾರ್ ಎರಡು ವಾರದಿಂದ ಹೇಳುತ್ತಲೇ ಇದ್ದರು. ಸೇರಿಸಿದರೆ ಉಮಾಳಿಗೆ ಡಾಕ್ಟರೇಟ್ ಸಿಗುತ್ತದೆ. ಬೊಮ್ಮನಹಳ್ಳಿಯ ಆ ಹೆಣ್ಣುಮಗಳಂಥವರು ಮಾತ್ರ ಇನ್ನೊಂದು ಸಲ ಕಾಣದೆ ಹೋಗುತ್ತಾರೆ.

ಹೊರಗೆ ಬಂದು ಅವಳು, ದೀಪದಡಿ ಅರಿಶಿನ ಹೊಳೆದು ಪೆಟ್ಟಿನ ಗುರುತನ್ನು ಮುಚ್ಚಿಬಿಟ್ಟಿದೆ ಎಂದು ಹೇಳಿದಳು. ತಪ್ಪು ನನ್ನದೇ, ಅರಿಶಿನದ ಹೆಸರು ಬರೆಯಲಿಲ್ಲ, ನಿಮಗೆಲ್ಲ ಸುಮ್ಮನೆ ಪೆಟ್ಟು ಬಿತ್ತು ಎಂದು ಕ್ಷಮೆ ಕೇಳಿದಳು. ಏಳು ಹೆಂಗಸರೂ ತಮ್ಮ ತಮ್ಮ ಕೈ ನೋಡಿಕೊಂಡರು. ಸೋಪು ಹಾಕಿ ತೊಳೆದರಾಗದೇ ಎಂದು ಸೀತಾಲಕ್ಷ್ಮಿ ಕೇಳಿದಳು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಆಕೆಗೆ ಎಲ್ಲಕ್ಕೂ ಸೋಪೇ ಮದ್ದು. ಉಮಾ ಆಗಲೇ ತನ್ನ ಮಣಿಕಟ್ಟನ್ನು ಎರಡು ಸಲ ತೊಳೆದು ನೋಡಿದ್ದಳು, ಹೊಳಪು ಕದಲಿರಲಿಲ್ಲ.

ಅಂಜನಮ್ಮ ಮಾತ್ರ ಉಮಾಳ ಮುಖವನ್ನೇ ನೋಡುತ್ತಿದ್ದರು. "ಸಿಸ್ಟರಮ್ಮ, ನೀವು ಯಾವತ್ತೂ ಸೀರೆಗೆ ಅರಿಶಿನ ಚೆಲ್ಕೊಂಡಿಲ್ವಾ?"

"ಯಾಕ್ರಮ್ಮ?"

"ಚೆಲ್ಕೊಂಡ್ರೆ ಏನ್ ಮಾಡ್ತೀರಿ?"

"ಒಗೆದು ಬಿಸಿಲಿಗೆ..." ಎಂದವಳು ಅಲ್ಲಿಗೇ ನಿಂತಳು.

"ಹಾಂ. ಸೋಪಿಗೆ ಬಗ್ಗದಿದ್ದದ್ದು ಬಿಸಿಲಿಗೆ ಬಗ್ಗುತ್ತೆ. ನಡೀರಿ, ತಾರಸಿಗೆ ದಾರಿ ಎಲ್ಲಿದೆ?"

ಹೊತ್ತು ಹತ್ತೂವರೆ. ಶುಕ್ರವಾರದ ರಾಹುಕಾಲದಲ್ಲಿ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದನ್ನು ಅಂಜನಮ್ಮ ಹನ್ನೊಂದು ವಾರದಿಂದ ತಪ್ಪಿಸಿರಲಿಲ್ಲ. ಇವತ್ತು ತಮ್ಮ ಕೈಚೀಲದಲ್ಲಿದ್ದ ನಿಂಬೆಹಣ್ಣುಗಳನ್ನು ಒಮ್ಮೆ ಮುಟ್ಟಿ ನೋಡಿ, ಅಮ್ಮನಿಗೆ ಹೇಳಿದರೆ ಅರ್ಥವಾಗುತ್ತದೆ ಎಂದು ಚೀಲದ ಬಾಯಿ ಕಟ್ಟಿದರು.

ಮೊದಲು ತನ್ನ ಕೈ ಆಗಲಿ ಎಂದು ಉಮಾ ಹಟ ಹಿಡಿದಳು. ಬೇರೆಯವರ ಪೆಟ್ಟಿನ ಮೇಲೆ ಪ್ರಯೋಗ ಮಾಡುವ ಧೈರ್ಯ ಅವಳಿಗಿರಲಿಲ್ಲ. ಹಾಸ್ಟೆಲಿನ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ, ಕಡಲೆಹಿಟ್ಟು ತಂದು ಮಣಿಕಟ್ಟಿಗೆ ಸವರಿ, ಹತ್ತಿಯಿಂದ ಮೆಲ್ಲನೆ ಒರೆಸಿ, ತಾರಸಿಯ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕೈ ಚಾಚಿ ಕೂತಳು. ಆಮೇಲೆ ಎರಡೆರಡು ಮೆಟ್ಟಿಲು ಹಾರುತ್ತ ಕೆಳಗೋಡಿ ದೀಪ ಹಚ್ಚಿ ನೋಡಿದಳು. ಹೊಳಪು ಅರ್ಧಕ್ಕರ್ಧ ಇಳಿದಿತ್ತು. ಗೈಡಿಗೆ ಫೋನು ಮಾಡಿದಾಗ ಅವರು ಮೊದಲು ನಕ್ಕರು, ಆಮೇಲೆ ಯೋಚಿಸಿ, ಮಾಡಿದ್ದನ್ನೆಲ್ಲ ಒಂದೂ ಬಿಡದೆ ಪುಸ್ತಕದಲ್ಲಿ ಬರೆದಿಡಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರು.

ಹನ್ನೆರಡರ ಹೊತ್ತಿಗೆ ತಾರಸಿಯ ಮೋಟುಗೋಡೆಯ ಉದ್ದಕ್ಕೂ ಏಳು ಹೆಂಗಸರು ಸಾಲಾಗಿ ಕೂತಿದ್ದರು. ಏಳು ಮುಂಗೈಗಳು ಒಣಹಾಕಿದ ಸಂಡಿಗೆಯ ಹಾಗೆ ಬಿಸಿಲಿಗೆ ತೆರೆದುಕೊಂಡಿದ್ದವು. ಬಿಸಿಲಿಗೆ ಹೋದರೆ ಇನ್ನೂ ಕಪ್ಪಾಗುತ್ತೀಯ ಎಂದು ಬೈಸಿಕೊಂಡೇ ಬೆಳೆದವರು ಎಲ್ಲರೂ. ಸೀತಾಲಕ್ಷ್ಮಿ ಮುಖವನ್ನು ಕೊಡೆಯ ಅಡಿ ಬಚ್ಚಿಟ್ಟು ಕೈ ಒಂದನ್ನೇ ಹೊರಗೆ ಚಾಚಿದ್ದಳು. ಒಬ್ಬಳು ಚಿಕ್ಕಂದಿನಲ್ಲಿ ಅಜ್ಜಿ ಹಾಲಿನ ಕೆನೆ ತಿಕ್ಕಿ ತಿಕ್ಕಿ ಮೂಗಿನ ಸಿಪ್ಪೆ ಏಳಿಸಿದ್ದನ್ನು ಹೇಳಿದಳು. ಇನ್ನೊಬ್ಬಳು ತನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ತಂಗಿಯನ್ನು ತೋರಿಸಿದ ಕಥೆ ಹೇಳಿದಳು. ನಕ್ಕು ನಕ್ಕು ಎಲ್ಲರಿಗೂ ಹೊಟ್ಟೆ ಹಿಡಿದುಕೊಂಡಿತು, ಪಕ್ಕದ ತಂತಿಯಲ್ಲಿ ಯೂನಿಫಾರಂ ಒಣಹಾಕುತ್ತಿದ್ದ ಹಾಸ್ಟೆಲ್ ಹುಡುಗಿಯರೂ ಕೇಳುತ್ತ ನಿಂತರು. ಉಮಾ ಅರ್ಧ ಗಂಟೆಗೊಬ್ಬರನ್ನು ಕೆಳಗೆ ಕರೆದೊಯ್ದು ಪರೀಕ್ಷಿಸಿ ಮತ್ತೆ ಬಿಸಿಲಿಗೆ ಕಳಿಸುತ್ತಿದ್ದಳು.

ಮೂರು ಗಂಟೆಗೆ ನಂದಕುಮಾರ್ ತಾರಸಿಗೆ ಹತ್ತಿ ಬಂದರು. ತೆಳ್ಳಗಿನ ಆಳು, ಯಾವಾಗಲೂ ತುಂಬುತೋಳಿನ ಅಂಗಿ. ಕೈಯಲ್ಲಿ ಗುಂಪುಗಳನ್ನು ಕೂಡಿಸುವ ಪತ್ರವಿತ್ತು. ಅರಿಶಿನದ ಸಮಾಚಾರ ಕೇಳಿ ಅವರಿಗೂ ಸಂತೋಷವೇ ಆಯಿತು. ಆದರೆ ಅವರು ಅಂಕಿಯ ಮನುಷ್ಯ.

"ಏಳು ಏಳೇ ಮೇಡಂ, ಎಂಟಾಗಲ್ಲ. ನನಗೂ ಬೇಜಾರೇ. ಸಹಿ ಹಾಕ್ಬಿಡಿ."

ಉಮಾ ಪತ್ರವನ್ನು ಕೈಗೆ ತೆಗೆದುಕೊಂಡಳು. ಬೆಳಗಿನಿಂದ ಬಿಸಿಲಿನ ಹಿಂದೆ ಓಡಿದ್ದರಲ್ಲಿ ಎಂಟನೆಯವರ ವಿಷಯ ಮರೆತೇಹೋಗಿತ್ತು. ಉಳಿದದ್ದು ಎರಡು ಗಂಟೆ. ಈಗ ಯಾರನ್ನು ಹುಡುಕಿ ತರುವುದು?

ಅಂಜನಮ್ಮ ಕೂತಲ್ಲಿಂದಲೇ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸಾರ್, ತಾವು ಯಾವ ಗುಂಪು?"

"ನಾನಾ? ನಾಲ್ಕಿರ್ಬೇಕು," ಎಂದರು ನಂದಕುಮಾರ್. "ಗೋಧಿ."

ಮೋಟುಗೋಡೆಯ ಉದ್ದಕ್ಕೂ ಏಳು ಜನ ಸೆರಗು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ಅದನ್ನು ಅವಮಾನ ಎಂದುಕೊಳ್ಳಲಿಲ್ಲ, ಅವರಿಗೆ ನಿಜವಾಗಿಯೂ ಅನುಮಾನವಿರಲಿಲ್ಲ. ಅಳೆದುಬಿಡಿ ಎಂದು ತೋಳಿನ ಗುಂಡಿ ಬಿಚ್ಚಿ ಕೈ ಮುಂದೆ ಮಾಡಿದರು. ಉಮಾ ಕೋಟಿನ ಜೇಬಿನಿಂದ ಯಂತ್ರ ತೆಗೆದು, ನಿಯಮದಂತೆ ಮೂರು ಕಡೆ ಒತ್ತಿ, ಸರಾಸರಿಯನ್ನು ಅವರಿಗೇ ತೋರಿಸಿದಳು. ನಂದಕುಮಾರ್ ಕನ್ನಡಕ ಮೇಲೇರಿಸಿ ನೋಡಿದರು. ಯಂತ್ರವನ್ನು ಅದರ ಬಿಳಿ ಬಿಲ್ಲೆಯ ಮೇಲಿಟ್ಟು ಸರಿಯಿದೆಯೇ ಎಂದು ತಾವೇ ಪರೀಕ್ಷಿಸಿದರು. ಇನ್ನೊಂದು ಸಲ ಒತ್ತಿದರು. ಆರನೆಯ ಗುಂಪೇ ಬಂತು.

ಐವತ್ತು ವರ್ಷದ ನಂಬಿಕೆ ಒಂದು ಕಡೆ, ಅಂಕಿ ಇನ್ನೊಂದು ಕಡೆ. ಮೇಷ್ಟ್ರು ಬಿಸಿಲಿನಲ್ಲಿ ತುಸು ಹೊತ್ತು ತಮ್ಮ ಕೈಯನ್ನೇ ನೋಡುತ್ತ ನಿಂತರು. ಉಮಾಳಿಗೆ ಅವರ ಬಗ್ಗೆ ಕನಿಕರವೂ ಅಕ್ಕರೆಯೂ ಒಟ್ಟಿಗೇ ಬಂದವು.

"ಯಂತ್ರ ಸರಿಯಾಗೇ ಇದೆ," ಎಂದರು ಕೊನೆಗೆ. ಅಂಗಿಯ ತೋಳನ್ನು ಇನ್ನಷ್ಟು ಮೇಲೆ ಸರಿಸಿ, "ತುಂಬಾ ನೋಯುತ್ತಾ?"

"ನೋಯುತ್ತೆ ಸಾರ್," ಎಂದರು ಅಂಜನಮ್ಮ. "ನಾವೆಲ್ಲ ಇದ್ದೀವಿ ಬನ್ನಿ."

ದಾಖಲೆ ಬರೆಯುವವರು ಪೆಟ್ಟು ತಿನ್ನುವಂತಿಲ್ಲ ಎಂದು ನಿಯಮದಲ್ಲಿತ್ತೇ ಹೊರತು ಲೆಕ್ಕ ಹಾಕುವವರ ಮಾತಿರಲಿಲ್ಲ. ಉಮಾ ಫೋನಿನಲ್ಲೇ, ಇಂಥ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಕಾಲೇಜಿನ ಸಮಿತಿಯ ಅನುಮತಿ ಪಡೆದಳು. ಫಾರಂನಲ್ಲಿ ‘ಅತಿ ಕಪ್ಪು’ ಎಂಬುದರ ಎದುರು ಬಂದಾಗ ಮೇಷ್ಟ್ರ ಪೆನ್ನು ನಿಂತಿತು. ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ ಸಾರ್ ಎಂದಳು ಉಮಾ. ಮುಂದಿನ ಸಲ ಬರೀ ಅಂಕಿ ಹಾಕಿ ಸಾಕು ಎಂದು ಹೇಳಿ ಸಹಿ ಹಾಕಿದರು. ಏಳು ಜನ ಹೆಂಗಸರು ಸುತ್ತ ನಿಂತು, ಉಸಿರು ಬಿಗಿ ಹಿಡಿಯಬೇಡಿ, ಆ ಕಡೆ ನೋಡಿ ಎಂದು ಸಲಹೆ ಕೊಡುತ್ತಿರುವಾಗ ಉಕ್ಕಿನ ಗುಂಡು ಕೊಳವೆಯೊಳಗಿಂದ ಇಳಿಯಿತು. ಆಗ ಗಂಟೆ ನಾಲ್ಕಾಗಿತ್ತು.

ಆಮೇಲೆ ದೀಪದ ಕೋಣೆ. ಅಂಜನಮ್ಮ ಮೊದಲು ಬಂದು ಕೂತರು. ಉಮಾ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೈಯನ್ನು ನೋಡಿದಳು, ‘ಬರಿಗಣ್ಣಿಗೆ ಕಾಣುವುದಿಲ್ಲ’ ಎಂದು ಬರೆದಳು. ಪರದೆ ಎಳೆದು ನೇರಳೆ ದೀಪ ಹೊತ್ತಿಸಿದಳು. ಅರಿಶಿನದ ಹೊಳಪು ಅಂಚುಗಳಲ್ಲಿ ಎಲ್ಲೋ ಎಳೆಯಷ್ಟು ಉಳಿದಿತ್ತು. ನಡುವೆ, ದುಂಡಗೆ, ಕಪ್ಪಗೆ, ಪೆಟ್ಟು ಇತ್ತು. ಉಮಾ ಅವತ್ತು ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟಳು. ಫೋಟೋ ತೆಗೆದು ಮುಗಿದ ಮೇಲೆ, ನಾನೂ ನೋಡಬಹುದೇ ಎಂದು ಅಂಜನಮ್ಮ ಕೇಳಿದರು.

ಉಮಾ ತನ್ನ ಕನ್ನಡಕವನ್ನೇ ಅವರಿಗೆ ಹಾಕಿದಳು. ಅಂಜನಮ್ಮ ಬಾಗಿ ನೋಡಿದರು. ಕೈಯನ್ನು ಸ್ವಲ್ಪ ಆಚೆ ತಿರುಗಿಸಿದರು, ಈಚೆ ತಿರುಗಿಸಿದರು.

"ಮದ್ವೆಯಾದ ಹೊಸದ್ರಲ್ಲಿ ನಮ್ಮತ್ತೆ ಸೌದೇಲಿ ಹೊಡ್ದಿದ್ರು," ಎಂದರು ಆಮೇಲೆ, ತಗ್ಗಿದ ದನಿಯಲ್ಲಿ. "ತೌರಿಗೆ ಹೋಗಿ ಹೇಳ್ದೆ. ನಮ್ಮವ್ವ ರವಿಕೆ ಬಿಚ್ಚಿಸಿ, ಬಾಗ್ಲತ್ರ ಬೆಳಕಲ್ಲಿ ನಿಲ್ಸಿ ನೋಡಿದ್ಲು. ಏನೂ ಕಾಣ್ಲಿಲ್ಲ ಅವ್ಳಿಗೆ. ಸುಳ್ಳು ಹೇಳ್ಬಾರ್ದು ಕಣೆ ಅಂತ ಅವತ್ತೇ ವಾಪಸ್ ಕಳ್ಸಿದ್ಲು. ಸಾಯೋವರ್ಗೂ ಹಂಗೇ ಅನ್ಕೊಂಡಿದ್ಲು, ನಾನು ಸುಳ್ಳು ಹೇಳಿದ್ದೆ ಅಂತ."

ಉಮಾ ಅಂಜನಮ್ಮನ ಭುಜದ ಮೇಲೆ ಕೈಯಿಟ್ಟಳು. ಹೊರಗೆ ಸಾಲಿನಲ್ಲಿ ನಿಂತವರು ಮೇಷ್ಟ್ರಿಗೆ ಕಾಫಿ ಕುಡಿಸುತ್ತ, ಅವರ ತೋಳು ಊದಿದೆಯೋ ಇಲ್ಲವೋ ಎಂದು ವಾದ ಮಾಡುತ್ತಿದ್ದರು. ಒಬ್ಬರ ಕೈಯ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ದೀಪ ಹಿಡಿಯುವಂತಿಲ್ಲ ಎಂದು ನಿಯಮವಿತ್ತು, ಆ ನಿಮಿಷ ಯಾವಾಗಲೋ ಕಳೆದಿತ್ತು. ಸೀತಾಲಕ್ಷ್ಮಿ ಬಾಗಿಲು ಸರಿಸಿ ಇಣುಕಿದಳು. ಉಮಾ ಇನ್ನೂ ಸ್ವಲ್ಪ ಹೊತ್ತು ಎಂದು ಕೈಸನ್ನೆ ಮಾಡಿ, ದೀಪವನ್ನು ಅಂಜನಮ್ಮನ ಮುಂಗೈಗೆ ಇನ್ನಷ್ಟು ಹತ್ತಿರ ಹಿಡಿದಳು.